ಡೈನೊ ಪರೀಕ್ಷೆಗೆ ಕಾರು ಒಯ್ಯುವವರು ಮೊದಲು ಟೈರು ನೋಡಿಕೊಳ್ಳಿ

ಟರ್ಬೊ ಬದಲಾಯಿಸಿ, ಇಂಜೆಕ್ಟರುಗಳನ್ನು ಸರ್ವಿಸ್ ಮಾಡಿಸಿ, ಅಡಿಕೆ ಮಾರಿದ ದುಡ್ಡಿನಲ್ಲಿ ದೊಡ್ಡದೊಂದು ಪಾಲನ್ನು ಅದಕ್ಕೇ ಸುರಿದ ಮೇಲೂ ನನ್ನ ಡೀಸೆಲ್ ಕಾರು ಸೋಮೇಶ್ವರದಿಂದ ಆಗುಂಬೆಗೆ ಘಾಟಿ ಹತ್ತುವಾಗ ಎರಡನೇ ಗೇರಿನಿಂದ ಮೇಲೆ ಬರುತ್ತಿರಲಿಲ್ಲ. ತೀರ್ಥಹಳ್ಳಿಯ ನಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದಾಗ ಯಾವ ದೋಷದ ಕೋಡೂ ಕಾಣಲಿಲ್ಲ. "ಎಂಜಿನ್ ಸರಿಯಾಗೇ ಉಂಟು ಮಾರಾಯ್ರೇ, ನಿಜವಾಗಿಯೂ ಶಕ್ತಿ ಕಡಿಮೆ ಆಗಿದೆಯೋ ಇಲ್ಲವೋ ಅಂತ ಖಾತ್ರಿ ಬೇಕಾದರೆ ಡೈನೊ ಮೇಲೆ ಹತ್ತಿಸಿಬಿಡಿ" ಎಂದು ಅವರೇ ಶಿವಮೊಗ್ಗದ ಹೊರವಲಯದ ಒಂದು ಖಾಸಗಿ ವರ್ಕ್‌ಶಾಪಿನ ದಾರಿ ತೋರಿಸಿದರು. ಎಂಜಿನ್ನಿನ ಲೆಕ್ಕ ತಿಳಿಯಲೆಂದು ಹೊರಟ ನಾನು ಮುಂದಿನ ವಾರಗಳಲ್ಲಿ ಹೆಚ್ಚು ಕಲಿತದ್ದು ಟೈರಿನ ವಿಷಯವನ್ನು. ಮಲೆನಾಡಿನಿಂದ ಇಂಥ ಪರೀಕ್ಷೆಗೆ ಹೋಗುವವರಿಗೆ ಇದರಲ್ಲಿ ಕೆಲವಾದರೂ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಡೈನೊ ಎಂದರೆ ಕಾರಿನ ಚಾಲಕ ಚಕ್ರಗಳನ್ನು, ಅಂದರೆ ಎಂಜಿನ್ ತಿರುಗಿಸುವ ಚಕ್ರಗಳನ್ನು, ನೆಲದ ಮಟ್ಟದ ಉಕ್ಕಿನ ರೋಲರುಗಳ ಮೇಲೆ ನಿಲ್ಲಿಸಿ, ಕಾರು ನಿಂತಲ್ಲೇ ಓಡುವಂತೆ ಮಾಡಿ, ಚಕ್ರದಿಂದ ಹೊರಬರುವ ಶಕ್ತಿಯನ್ನು ಅಳೆಯುವ ಯಂತ್ರ. ಇದರಲ್ಲಿ ಒಂದು ಬಗೆಯವು ಭಾರವಾದ ರೋಲರನ್ನು ಕಾರು ಎಷ್ಟು ಬೇಗ ವೇಗಕ್ಕೆ ಒಯ್ಯುತ್ತದೆ ಎಂಬುದರ ಮೇಲೆ ಲೆಕ್ಕ ಹಾಕುತ್ತವೆ. ಇನ್ನೊಂದು ಬಗೆಯವು ವಿದ್ಯುತ್ಕಾಂತೀಯ ಬ್ರೇಕಿನಿಂದ ರೋಲರಿಗೆ ಲೋಡ್ ಕೊಡುತ್ತವೆ. ಎರಡನೆಯದರಲ್ಲಿ ಕಾರನ್ನು ಒಂದೇ ವೇಗದಲ್ಲಿ ಹಿಡಿದಿಟ್ಟು ಘಾಟಿ ಹತ್ತಿಸಿದ ಹಾಗೆ ದುಡಿಸಬಹುದು. ಆದರೆ ಹೀಗೆ ಹಿಡಿದಿಟ್ಟಷ್ಟು ಹೊತ್ತೂ ಟೈರು ಬಿಸಿಯಾಗುತ್ತಾ ಹೋಗುತ್ತದೆ. ಹತ್ತು ಹದಿನೈದು ಸೆಕೆಂಡಿನ ಒಂದು ಓಟಕ್ಕೂ ನಿಮಿಷಗಟ್ಟಲೆ ಲೋಡಿನಲ್ಲಿ ನಿಲ್ಲಿಸುವುದಕ್ಕೂ ಟೈರಿನ ಪಾಲಿಗೆ ಬಹಳ ವ್ಯತ್ಯಾಸವಿದೆ. ನಾನು ಹೋದ ಕಡೆ ಇದ್ದುದು ಲೋಡ್ ಕೊಡುವ ಯಂತ್ರವೇ, ಅದೂ ಪ್ರತಿ ಚಕ್ರವನ್ನು ಎರಡು ಸಣ್ಣ ರೋಲರುಗಳ ನಡುವಿನ ತಗ್ಗಿನಲ್ಲಿ ಕೂರಿಸುವಂಥದ್ದು.

ಫೋನಿನಲ್ಲಿ ಸಮಯ ಕೇಳಿದಾಗ ಒಂದು ವಾರ ಕಾಯಬೇಕು ಎಂದರು. ತರಬೇಕಾದ ಕಾಗದಗಳು ಆರ್‌ಸಿ, ವಿಮೆಯ ಪ್ರತಿ, ಎಮಿಷನ್ ಸರ್ಟಿಫಿಕೇಟ್ ಮತ್ತು ಮಾಲೀಕರ ಗುರುತಿನ ಚೀಟಿ. ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಬೇಕಂತೆ. ಇದಲ್ಲದೆ ಅಲ್ಲಿಗೆ ಹೋದ ಮೇಲೆ ಎರಡು ಪುಟದ ಮುಚ್ಚಳಿಕೆಯೊಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ: ಪರೀಕ್ಷೆಯ ವೇಳೆ ಟೈರು, ಕ್ಲಚ್ಚು, ಎಂಜಿನ್ನು ಏನು ಹಾಳಾದರೂ ಜವಾಬ್ದಾರಿ ಮಾಲೀಕರದ್ದು ಎಂಬುದು ಅದರ ತಿರುಳು. ಸಹಿ ಹಾಕುವ ಮೊದಲು ನಿಮ್ಮ ವಿಮೆಯ ಪಾಲಿಸಿಯನ್ನು ಮನೆಯಲ್ಲೇ ಒಮ್ಮೆ ಬಿಡಿಸಿ ಓದಿ. ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಬಳಕೆಯ ಮಿತಿ ಎಂಬ ಭಾಗದಲ್ಲಿ ಬಾಡಿಗೆ, ಸಂಘಟಿತ ರೇಸು ಮುಂತಾದವುಗಳ ಜೊತೆಗೆ ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಎಂಬ ಪದಗಳೂ ಹೊರಗಿಟ್ಟ ಪಟ್ಟಿಯಲ್ಲಿ ಇರುತ್ತವೆ. ಡೈನೊ ಓಟ ಆ ಪಟ್ಟಿಗೆ ಸೇರುತ್ತದೆಯೇ ಎಂದು ಆಮೇಲೆ ವಾದಕ್ಕೆ ನಿಲ್ಲುವುದಕ್ಕಿಂತ, ವಿಮೆಯಿಂದ ಬಿಡಿಗಾಸೂ ಬಾರದು ಎಂದುಕೊಂಡೇ ಹೋಗುವುದು ಕ್ಷೇಮ. ಇನ್ನು ಟೈರು ಮಾತ್ರ ಹಾಳಾಗಿ ಕಾರಿಗೆ ಬೇರೆ ಪೆಟ್ಟಾಗದಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಹೇಗೂ ಪರಿಹಾರವಿಲ್ಲ; ಕಾರಿಗೂ ಪೆಟ್ಟಾಗಿದ್ದರೂ ಹೊಸ ಟೈರಿನ ಬೆಲೆಯಲ್ಲಿ ಅರ್ಧದಷ್ಟೇ.

ನಿಗದಿಯಾದ ದಿನ ಮಂಡಗದ್ದೆ ದಾಟುವವರೆಗೂ ಮಳೆ ಬಿಡಲಿಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ಕಾರು ನಿಂತ ಕೂಡಲೇ ಡೈನೊ ನಡೆಸುವ ಹುಡುಗ ಬಾನೆಟ್ಟಿನ ಕಡೆ ತಿರುಗಿಯೂ ನೋಡದೆ ಮುಂದಿನ ಚಕ್ರಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಟಾರ್ಚ್ ಹಚ್ಚಿದ. ಒದ್ದೆ ಟೈರನ್ನು ರೋಲರಿಗೆ ಹತ್ತಿಸುವುದಿಲ್ಲ ಎಂಬುದು ಅವನ ಮೊದಲ ಮಾತು. ನೀರಿದ್ದರೆ ಟೈರು ರೋಲರಿನ ಮೇಲೆ ಜಾರುತ್ತದೆ, ಜಾರಿದರೆ ಅಳತೆ ಸುಳ್ಳಾಗುತ್ತದೆ, ಜಾರುತ್ತಿದ್ದ ಟೈರು ಒಮ್ಮೆಲೇ ಹಿಡಿತಕ್ಕೆ ಸಿಕ್ಕರೆ ಕಾರು ಪಕ್ಕಕ್ಕೆ ಎಗರುತ್ತದೆ. ಹಾಗಾಗಿ ಒರೆಸಿ, ಫ್ಯಾನಿನ ಗಾಳಿಗೆ ಒಣಗಲು ಬಿಟ್ಟು, ಸುಮಾರು ಒಂದು ಗಂಟೆ ಕಾಯಿಸಿದ. ಮಳೆಗಾಲದಲ್ಲಿ ನಮ್ಮ ಕಡೆಯಿಂದ ಹೋಗುವವರು ಈ ಹೊತ್ತನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಹೊರಡಬೇಕು. ಸಾಧ್ಯವಾದರೆ ಬೇಸಿಗೆಗೇ ಮುಂದೂಡುವುದು ಇನ್ನೂ ಒಳ್ಳೆಯದು.

ಕಾಯುತ್ತಿದ್ದ ಆ ಹೊತ್ತಿನಲ್ಲೇ ತಪಾಸಣೆ ನಡೆಯಿತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯನ್ನು ಅವನು ಮೊದಲು ಹುಡುಕಿದ. ನನ್ನ ಮುಂದಿನ ಟೈರುಗಳ ಮೇಲೆ 3520 ಎಂದಿತ್ತು, ಅಂದರೆ 2020ನೇ ಇಸವಿಯ 35ನೇ ವಾರದಲ್ಲಿ ತಯಾರಾದವು. ಐದು ವರ್ಷ ತುಂಬಿದ ಟೈರನ್ನು ಆ ವರ್ಕ್‌ಶಾಪಿನವರು ರೋಲರಿಗೆ ಹತ್ತಿಸುವುದಿಲ್ಲ. ನನ್ನವು ಇನ್ನೇನು ಆ ಗಡಿಯ ಹತ್ತಿರ ಇದ್ದವು. ಅದರ ನಂತರ 165/80 ಆರ್14 85ಟಿ ಎಂಬ ಬರಹವನ್ನು ಓದಿ ವಿವರಿಸಿದ. 85 ಎಂಬುದು ಭಾರದ ಸೂಚಿ, ಒಂದು ಟೈರು 515 ಕೆ.ಜಿ. ಹೊರಬಲ್ಲದು, ಟಿ ಎಂಬುದು ವೇಗದ ಅಕ್ಷರ, ಗಂಟೆಗೆ 190 ಕಿ.ಮೀ. ವರೆಗೆ. ಎಸ್ ಆದರೆ 180, ಎಚ್ ಆದರೆ 210, ವಿ ಆದರೆ 240. ಈ ಮಿತಿಗಳು ಸರಿಯಾದ ಗಾಳಿಯಿರುವ, ಗಾಯವಿಲ್ಲದ ಟೈರಿಗೆ ಮಾತ್ರ ಅನ್ವಯಿಸುತ್ತವೆ ಎಂಬುದನ್ನು ಮರೆಯಬಾರದು. ಗ್ರಿಪ್ಪಿನ ಆಳ ನೋಡಿದ. ಗ್ರಿಪ್ಪಿನ ಸಂದಿಗಳಲ್ಲಿರುವ 1.6 ಮಿ.ಮೀ. ಎತ್ತರದ ಸವೆತದ ಗುರುತಿಗಿಂತ ಬಹಳ ಮೇಲಿತ್ತು. ಪಂಚರ್ ಅಂಗಡಿಯಲ್ಲಿ ಹೊರಗಿನಿಂದ ಸ್ಟ್ರಿಪ್ ತುರುಕಿ ಮುಚ್ಚಿದ ತೂತು ಇದೆಯೇ ಎಂದು ಕೇಳಿದ. ಅಂಥದ್ದೊಂದು ಬಲಗಡೆಯ ಮುಂದಿನ ಟೈರಿನಲ್ಲಿ ಇತ್ತು. ರಸ್ತೆಗೆ ಅದು ಸಾಕು, ರೋಲರಿಗೆ ಸಾಲದು ಎಂದು ಅದನ್ನು ಬಿಚ್ಚಿಸಿ, ಅದೇ ವಾರದಲ್ಲಿ ತಯಾರಾಗಿದ್ದ ಹಿಂದಿನ ಒಂದು ಟೈರನ್ನು ಅಲ್ಲಿಗೆ ಹಾಕಿಸಿದ. ಪಕ್ಕದ ಗೋಡೆಯಲ್ಲಿ ಪಂಚರ್ ಹಾಕಿಸಿದ ಟೈರಾಗಲೀ ಸವೆದ ಮೇಲೆ ಹೊಸ ಗ್ರಿಪ್ ಅಂಟಿಸಿದ ರೀಟ್ರೆಡ್ ಟೈರಾಗಲೀ ಕಂಡರೆ ಕಾರನ್ನು ಹಾಗೇ ವಾಪಸ್ ಕಳಿಸುತ್ತಾರಂತೆ. ಗಾತ್ರದಲ್ಲಿ ಚಿಕ್ಕದಾದ ತಾತ್ಕಾಲಿಕ ಸ್ಟೆಪ್ನಿ ಕೊಡುವ ಕಾರುಗಳೂ ಈಗ ಇವೆ, ಅವುಗಳ ಮೇಲೆ 80 ಕಿ.ಮೀ. ಮಿತಿ ಬರೆದಿರುತ್ತದೆ, ಅದನ್ನು ಚಾಲಕ ಚಕ್ರಕ್ಕೆ ಹಾಕಿ ಡೈನೊ ಮೇಲೆ ಓಡಿಸುವುದು ಆತ್ಮಹತ್ಯೆಯ ಕೆಲಸ.

ನಮ್ಮ ಕಡೆಯ ಕಾರುಗಳಲ್ಲಿ ಇನ್ನೊಂದು ತಾಪತ್ರಯವಿದೆ. ತೋಟದ ರಸ್ತೆಯ ಜಲ್ಲಿ ಮತ್ತು ಜಂಬಿಟ್ಟಿಗೆಯ ಚೂರುಗಳು ಗ್ರಿಪ್ಪಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಹುಡುಗ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ಎಬ್ಬಿಸಿ ತೆಗೆಯುವಾಗ ಇದೇನು ಇಷ್ಟು ನಾಜೂಕು ಎಂದು ನನಗೆ ಅನ್ನಿಸಿದ್ದು ನಿಜ. ಲೆಕ್ಕ ಕೇಳಿದ ಮೇಲೆ ಸುಮ್ಮನಾದೆ. ಗಂಟೆಗೆ 144 ಕಿ.ಮೀ. ಎಂದರೆ ಸೆಕೆಂಡಿಗೆ 40 ಮೀಟರ್. ನನ್ನ ಕಾರಿನ ಚಕ್ರ ಆ ವೇಗದಲ್ಲಿ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆಗ ಟೈರಿನ ಹೊರಮೈಯಲ್ಲಿ ಸಿಕ್ಕಿಕೊಂಡ ಐದು ಗ್ರಾಂ ಕಲ್ಲನ್ನು ಹೊರಗೆ ಎಳೆಯುವ ಬಲ ಎರಡೂವರೆ ಕೆ.ಜಿ. ತೂಕಕ್ಕೂ ಮಿಗಿಲು. ಕಿತ್ತು ಬಂದರೆ ಅದೇ ವೇಗದಲ್ಲಿ ಚಕ್ರದ ನೇರಕ್ಕೆ ಹಾರುತ್ತದೆ. ಪ್ಲಾಸ್ಟಿಕ್ಕಿನ ವೀಲ್ ಕ್ಯಾಪುಗಳನ್ನೂ ಮುಂದಿನ ಮಡ್ ಫ್ಲಾಪುಗಳನ್ನೂ ಇದೇ ಕಾರಣಕ್ಕೆ ಬಿಚ್ಚಿಟ್ಟರು, ರಿಮ್ಮಿಗೆ ಅಂಟಿಸಿದ ಬ್ಯಾಲೆನ್ಸಿಂಗ್ ಸೀಸದ ತುಂಡುಗಳನ್ನು ಬೆರಳಿನಿಂದ ಒತ್ತಿ ನೋಡಿದರು, ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದರು.

ರಸ್ತೆಯಲ್ಲಿ ಗಟ್ಟಿಯಾಗಿರುವ ಟೈರು ರೋಲರಿನ ಮೇಲೆ ಏಕೆ ಸೋಲುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ, ನುರಿತ ಮೆಕ್ಯಾನಿಕ್ಕುಗಳಿಗೂ, ಇದು ತಿಳಿದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಟೈರಿನ ತಳ ಚಪ್ಪಟೆಯಾಗುತ್ತದೆ, ಅಷ್ಟೆ. ಉಬ್ಬಿದ ರೋಲರಿನ ಮೇಲೆ ಅದು ಚಪ್ಪಟೆಯಾಗುವುದರ ಜೊತೆಗೆ ಒಳಮುಖವಾಗಿ ಬಾಗುತ್ತದೆ. ಎರಡು ರೋಲರಿನ ಯಂತ್ರದಲ್ಲಿ ಒಂದೇ ಸುತ್ತಿನಲ್ಲಿ ಎರಡು ಸಲ ಹೀಗೆ ಬಾಗಿ ನೆಟ್ಟಗಾಗಬೇಕು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಬಗ್ಗುವ ಜಾಗ ಬಿಸಿಯಾಗುವ ಹಾಗೆ ರಬ್ಬರಿನೊಳಗೂ ಶಾಖ ಹುಟ್ಟುತ್ತದೆ. ಟೈರು ತಜ್ಞರು ಬಳಸುವ ಒಂದು ಸರಳ ಅಂದಾಜಿದೆ: ಟೈರಿನ ತ್ರಿಜ್ಯವನ್ನು ರೋಲರಿನ ತ್ರಿಜ್ಯದಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದರೆ, ಉರುಳುವಿಕೆಯ ಪ್ರತಿರೋಧ ರಸ್ತೆಗಿಂತ ಎಷ್ಟು ಪಟ್ಟು ಎಂಬುದು ಹತ್ತಿರ ಹತ್ತಿರ ಸಿಗುತ್ತದೆ. 31 ಸೆಂ.ಮೀ. ತ್ರಿಜ್ಯದ ನನ್ನ ಟೈರಿಗೆ 122 ಸೆಂ.ಮೀ. ವ್ಯಾಸದ ದೊಡ್ಡ ರೋಲರಿನ ಮೇಲೆ ಇದು ಸುಮಾರು 1.2 ಪಟ್ಟು, 32 ಸೆಂ.ಮೀ. ವ್ಯಾಸದ ಸಣ್ಣ ರೋಲರಿನ ಮೇಲೆ ಸುಮಾರು 1.7 ಪಟ್ಟು. ಆ ಹೆಚ್ಚಿನ ಪಾಲು ಮುಖ್ಯವಾಗಿ ಟೈರಿನೊಳಗಿನ ಶಾಖವಾಗಿಯೇ ಮುಗಿಯುತ್ತದೆ. ರಸ್ತೆಯಲ್ಲಾದರೆ ಓಟದ ಗಾಳಿ ಟೈರನ್ನು ತಣಿಸುತ್ತದೆ. ಇಲ್ಲಿ ಮುಂದೆ ಇಟ್ಟ ಫ್ಯಾನು ರೇಡಿಯೇಟರಿಗೆ ಗಾಳಿ ಊದುತ್ತದೆಯೇ ಹೊರತು ಟೈರಿಗೆ ತಲುಪುವುದು ಅಷ್ಟಕ್ಕಷ್ಟೆ.

ಇದರ ಮೇಲೆ ಕಟ್ಟುವ ಬೆಲ್ಟುಗಳ ಭಾರ ಬೇರೆ. ಕಾರು ರೋಲರಿನಿಂದ ಹಾರದಂತೆ ಮುಂದೆ ಹಿಂದೆ ರ್‍ಯಾಚೆಟ್ ಬೆಲ್ಟುಗಳಿಂದ ನೆಲದ ಕೊಂಡಿಗಳಿಗೆ ಕಟ್ಟುತ್ತಾರೆ. ಮುಂಚಕ್ರ ಎಳೆಯುವ ಕಾರುಗಳಲ್ಲಿ ಎಳೆಯುವ ಚಕ್ರವೇ ಸ್ಟೇರಿಂಗಿಗೆ ಹೊರಳುವ ಚಕ್ರವೂ ಆದ್ದರಿಂದ ಸ್ಟೇರಿಂಗ್ ಕೊಂಚ ವಾಲಿದರೂ ಕಾರು ಪಕ್ಕಕ್ಕೆ ತೆವಳುತ್ತದೆ; ಅದಕ್ಕಾಗಿ ಅಡ್ಡಡ್ಡ ಕಟ್ಟುವುದು ಅಗತ್ಯ. ಆದರೆ ಬೆಲ್ಟನ್ನು ಕೆಳಮುಖವಾಗಿ ಬಿಗಿದಷ್ಟೂ ಟೈರಿನ ಮೇಲೆ ತೂಕ ಹೇರಿದಂತೆ. ನನ್ನ ಕಾರಿನ ಮುಂಭಾಗದ ತೂಕ ಸುಮಾರು ಆರೂವರೆ ಕ್ವಿಂಟಾಲ್, ಒಂದು ಚಕ್ರಕ್ಕೆ ಮೂರೂಕಾಲು. ಬೆಲ್ಟಿನಿಂದ ಇನ್ನೊಂದು ಕ್ವಿಂಟಾಲ್ ಸೇರಿದರೂ 515 ಕೆ.ಜಿ.ಯ ಮಿತಿಯೊಳಗೇ ಇರುತ್ತದೆ, ಆದರೆ ಉಳಿಯುವ ಅಂತರ ಬಹಳವಲ್ಲ. ಹಾಗಾಗಿ ಅವರು ಬೆಲ್ಟನ್ನು ಸಾಧ್ಯವಾದಷ್ಟು ಅಡ್ಡಲಾಗಿ ಎಳೆದು ಕಟ್ಟಿದರು, ಹಿಂದಿನ ಚಕ್ರಗಳಿಗೆ ಮರದ ಅಡೆ ಇಟ್ಟರು. ಬಾಗಿಲಿನ ಪಟ್ಟಿಯಲ್ಲಿ ಗಾಳಿಯ ಒತ್ತಡ 29 ಪಿಎಸ್‌ಐ ಎಂದಿದ್ದರೂ ಮುಂದಿನ ಟೈರುಗಳಿಗೆ 36 ಹಾಕಿಸಿದರು; ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿ 44 ಇತ್ತು. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಒಂದು ವೇಗ ದಾಟಿದ ಮೇಲೆ ಬಾಗಿದ ಭಾಗ ನೆಟ್ಟಗಾಗುವ ಮೊದಲೇ ಮತ್ತೆ ನೆಲಕ್ಕೆ ಬಂದು ಟೈರಿನ ಮೈಯಲ್ಲಿ ಅಲೆಗಳು ಎದ್ದು ನಿಲ್ಲುತ್ತವೆ. ಅಲ್ಲಿಂದ ಟೈರು ಸಿಡಿಯಲು ಹೆಚ್ಚು ಹೊತ್ತು ಬೇಕಿಲ್ಲ. ಓಟದ ನಂತರ ಬಿಸಿ ಟೈರಿನಲ್ಲಿ ಗಾಳಿ ಏರಿರುತ್ತದೆ. ಅದನ್ನು ನೋಡಿ ಗಾಬರಿಯಿಂದ ಗಾಳಿ ಬಿಡಬಾರದು ಎಂಬುದನ್ನೂ ಅಲ್ಲೇ ಕಲಿತೆ.

ಓಟ ಶುರುವಾಗುವ ಮೊದಲು ನನ್ನನ್ನು ಗಾಜಿನ ಹಿಂದಿನ ಕೋಣೆಗೆ ಕಳಿಸಿದರು. ನನ್ನ ಜೊತೆ ಬಂದಿದ್ದ ಅಳಿಯ ವಿಡಿಯೊ ಮಾಡಲೆಂದು ಕಾರಿನ ಮುಂದೆ ನಿಂತಿದ್ದ. ಅವನನ್ನೂ ಒಳಗೆ ಕರೆದರು. ಗ್ರಿಪ್ಪಿನ ತುಂಡು ಕಿತ್ತರೆ ಚಕ್ರದ ನೇರಕ್ಕೆ ಮುಂದೆ ಅಥವಾ ಹಿಂದೆ ಹಾರುತ್ತದೆ, ಪಕ್ಕದ ಗೋಡೆ ಸಿಡಿದರೆ ಹೊಡೆತ ಪಕ್ಕಕ್ಕೆ ಬರುತ್ತದೆ; ಹಾಗಾಗಿ ಆ ಕೋಣೆಯಲ್ಲಿ ನಿಲ್ಲಲು ಸುರಕ್ಷಿತ ಮೂಲೆ ಎಂಬುದೇ ಇಲ್ಲ. ಹೊಗೆ ಹೊರಗೆ ಹೋಗುವ ಪೈಪನ್ನು ಸೈಲೆನ್ಸರಿಗೆ ಸಿಕ್ಕಿಸಿ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಕಾರಾದರೆ ಅದನ್ನು ಬಂದ್ ಮಾಡಿ, ಆಮೇಲೆ ಓಟ.

ಮೊದಲ ಎರಡು ಓಟಗಳು ಸುಸೂತ್ರವಾಗಿ ಮುಗಿದವು. ಕಂಪನಿಯ ಪುಸ್ತಕದಲ್ಲಿ 75 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಎಂದಿರುವ ಎಂಜಿನ್ ಚಕ್ರದಲ್ಲಿ ಕೊಟ್ಟದ್ದು 47 ಪಿಎಸ್. ಪುಸ್ತಕದ ಲೆಕ್ಕ ಎಂಜಿನ್ನಿನದ್ದು, ಗೇರ್‌ಬಾಕ್ಸು ಮತ್ತು ಟೈರಿನಲ್ಲಿ ಒಂದಷ್ಟು ಸೋರಿಹೋಗುವುದು ಸಹಜ. ಆದರೂ ಇಷ್ಟೊಂದು ಹೋಗಬಾರದು. ನನ್ನ ಅನುಮಾನಕ್ಕೆ ಕೊನೆಗೂ ಒಂದು ಅಂಕಿ ಸಿಕ್ಕಿತೆಂಬ ಸಮಾಧಾನ ಆಗಿತ್ತು. ಎರಡನೇ ಓಟದ ನಂತರ ಹುಡುಗ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಟೈರುಗಳ ಮೈ ನೋಡಿದ. ಬಲಗಡೆಯದು 58 ಡಿಗ್ರಿ, ಎಡಗಡೆಯದು 66. ಎಡಬಲದ ವ್ಯತ್ಯಾಸ ಅವನಿಗೆ ಹಿಡಿಸಲಿಲ್ಲ. ಹತ್ತು ನಿಮಿಷ ತಣಿಸಿ, ಗಾಳಿ ಸಮ ಇದೆಯೇ ಎಂದು ನೋಡಿ, ಮೂರನೆಯದಕ್ಕೆ ಹೊರಟ. ನಾಲ್ಕನೇ ಗೇರಿನಲ್ಲಿ ವೇಗ 130 ದಾಟುತ್ತಿದ್ದಂತೆ ಗಾಜಿನ ಈಚೆಗೂ ಕೇಳುವಂತೆ ಥಪಥಪನೆ ಬಡಿಯುವ ಸದ್ದು ಬಂತು, ಬಾನೆಟ್ ನಡುಗಿತು. ಅವನು ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದನೇ ಹೊರತು ಬ್ರೇಕ್ ತುಳಿಯಲಿಲ್ಲ. ಭಾರದ ರೋಲರುಗಳು ಕಾರಿನ ಬ್ರೇಕಿಗೆ ಒಮ್ಮೆಲೇ ನಿಲ್ಲುವುದಿಲ್ಲ, ಹಾಗೆ ನಿಲ್ಲಿಸಲು ಹೋದರೆ ಗಾಯಗೊಂಡ ಟೈರು ಉಜ್ಜಿಹೋಗಿ ಅಲ್ಲೇ ಸಿಡಿಯಬಹುದು. ಯಂತ್ರದ ಬ್ರೇಕೇ ನಿಧಾನವಾಗಿ ರೋಲರುಗಳನ್ನು ನಿಲ್ಲಿಸಿತು. ಆ ಕೆಲವು ಸೆಕೆಂಡುಗಳಲ್ಲಿ ನನ್ನ ಕೈ ತಣ್ಣಗಾಗಿತ್ತು. ಕಾರಿನ ಮುಂದೆ ನಿಂತು ವಿಡಿಯೊ ಮಾಡಲು ಹೊರಟಿದ್ದ ಅಳಿಯನ ಮುಖವನ್ನು ನಾನು ನೋಡಲಿಲ್ಲ, ಅವನೂ ನನ್ನದನ್ನು ನೋಡಲಿಲ್ಲ.

ಎಡಗಡೆಯ ಟೈರಿನಲ್ಲಿ, ಗ್ರಿಪ್ಪಿನ ಹೊರ ಅಂಚಿನ ಹತ್ತಿರ, ಅಂಗೈಯಗಲ ಊದಿಕೊಂಡಿತ್ತು. ಸುಟ್ಟ ರಬ್ಬರಿನ ವಾಸನೆ ಕೋಣೆಯಿಂದ ಹೋಗಲು ಬಹಳ ಹೊತ್ತು ಬೇಕಾಯಿತು. ಉಷ್ಣಮಾಪಕ ಈಗ 74 ತೋರಿಸುತ್ತಿತ್ತು, ಆದರೆ ಅದು ಮೇಲ್ಮೈಯ ಲೆಕ್ಕ ಮಾತ್ರ. ಗ್ರಿಪ್ಪಿನ ಅಡಿಯಲ್ಲಿ ಟೈರಿನೊಳಗೇ ಇರುವ ಉಕ್ಕಿನ ತಂತಿಯ ಬೆಲ್ಟಿನ ಅಂಚಿನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಟೈರನ್ನು ರಿಮ್ಮಿನಿಂದ ಬಿಚ್ಚಿ ಊದಿದ ಜಾಗವನ್ನು ಕುಯ್ದು ತೋರಿಸಿದಾಗ ಕಾರಣ ಕಂಡಿತು. ಗ್ರಿಪ್ಪಿನ ಸಂದಿಯ ತಳದಲ್ಲಿ ಎಂದೋ ಚೂಪು ಕಲ್ಲು ಕುಯ್ದ, ಕಣ್ಣಿಗೆ ಗೆರೆಯಷ್ಟೇ ಕಾಣುವ ಗಾಯ. ಗಾಳಿ ಸೋರುವಷ್ಟು ಆಳವಿರಲಿಲ್ಲ, ಆದರೆ ಉಕ್ಕಿನ ತಂತಿಗಳವರೆಗೆ ನೀರು ಇಳಿಯುವಷ್ಟು ಇತ್ತು. ನಮ್ಮ ಮಳೆಗಾಲಗಳು ಉಳಿದ ಕೆಲಸ ಮಾಡಿದ್ದವು. ತಂತಿಗಳು ತುಕ್ಕು ಹಿಡಿದು ಕೆಂಪಾಗಿ, ರಬ್ಬರು ಅವುಗಳಿಂದ ಬಿಟ್ಟುಕೊಂಡಿತ್ತು. ಘಾಟಿಯಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಓಡುವಾಗ ಈ ಟೈರು ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. ಡೈನೊ ಅದರ ಗುಟ್ಟನ್ನು ಮೂರೇ ಓಟದಲ್ಲಿ ಹೊರಗೆಡವಿತು. ಮಲೆನಾಡಿನ ಕಾರಿನವರು ಗ್ರಿಪ್ಪಿನ ಆಳವನ್ನಷ್ಟೇ ನೋಡಿ ಟೈರು ಚೆನ್ನಾಗಿದೆ ಎಂದುಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಡೈನೊಗೆ ಹೋಗುವ ಮೊದಲು ಚಕ್ರವನ್ನು ಬಿಚ್ಚಿಸಿ, ತೊಳೆದು, ಒಣಗಿಸಿ, ಬೆಳಕಿನಲ್ಲಿ ಒಂದೊಂದು ಸಂದಿಯನ್ನೂ ಬಿಡಿಸಿ ನೋಡಬೇಕು. ಕಾರಿನ ಮೇಲಿರುವಾಗ ಒಳಪಕ್ಕದ ಗೋಡೆ ಕಾಣುವುದೇ ಇಲ್ಲ.

ಹಿಂತಿರುಗಲು ಸ್ಟೆಪ್ನಿ ಹಾಕಿದೆವು. ಅದು ಕಾರು ಕೊಂಡಾಗಿನಿಂದ ಡಿಕ್ಕಿಯಲ್ಲೇ ಇದ್ದ, ಹೊಸದರಂತೆ ಹೊಳೆಯುವ ಟೈರು. ತಯಾರಿಯ ಸಂಖ್ಯೆ ನೋಡಿದರೆ 2017ರದ್ದು, ಅಂದರೆ ಐದು ಟೈರುಗಳಲ್ಲಿ ಅದೇ ಹಿರಿಯ. ಅನೇಕ ಟೈರು ಕಂಪನಿಗಳು ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಿ, ಹತ್ತು ವರ್ಷಕ್ಕೆ ಗ್ರಿಪ್ ಎಷ್ಟೇ ಇದ್ದರೂ ಬದಲಾಯಿಸಿ ಎಂದು ಹೇಳುತ್ತವೆ, ಸ್ಟೆಪ್ನಿಯೂ ಸೇರಿದಂತೆ. ತೀರ್ಥಹಳ್ಳಿಯವರೆಗೆ ಐವತ್ತರ ಮೇಲೆ ಓಡಿಸಲಿಲ್ಲ.

ಹಾಳಾದ ಟೈರಿನ ವಾರಂಟಿಗಾಗಿ ಅಂಗಡಿಗೆ ಅಲೆದ ಕತೆಯನ್ನು ಚುಟುಕಾಗಿ ಮುಗಿಸುತ್ತೇನೆ. ಬಿಲ್ ಇಟ್ಟುಕೊಂಡಿದ್ದೆ, ಅರ್ಜಿ ತೆಗೆದುಕೊಂಡರು, ಕಂಪನಿಯವರು ಬಂದು ನೋಡುವವರೆಗೆ ಕೆಲವು ವಾರ ಟೈರನ್ನು ಇಟ್ಟುಕೊಂಡರು, ಕೊನೆಗೆ ರಸ್ತೆಯ ಗಾಯದಿಂದ ಆದದ್ದು, ತಯಾರಿಕೆಯ ದೋಷವಲ್ಲ ಎಂದು ತಿರಸ್ಕರಿಸಿದರು. ನ್ಯಾಯವಾಗಿ ನೋಡಿದರೆ ಅದು ಸರಿಯೇ. ಟೈರನ್ನು ಕುಯ್ದು ನೋಡುವ ಮೊದಲು ವಾರಂಟಿಗೆ ಹಾಕುವ ಇರಾದೆ ಇದೆಯೇ ಎಂದು ಯೋಚಿಸಿಕೊಳ್ಳಿ ಎಂಬುದಷ್ಟೇ ಇಲ್ಲಿ ನನ್ನ ಸೂಚನೆ, ಏಕೆಂದರೆ ಕುಯ್ದ ಟೈರನ್ನು ನೋಡಿದ ಕೂಡಲೇ ಅಂಗಡಿಯವರು ಮುಖ ಸಿಂಡರಿಸಿದರು.

ಹೊಸ ಟೈರು ಕೊಳ್ಳುವಾಗ ಎರಡನ್ನೂ ಒಂದೇ ಕಂಪನಿಯ, ಒಂದೇ ಮಾದರಿಯ, ಹತ್ತಿರ ಹತ್ತಿರದ ವಾರದಲ್ಲಿ ತಯಾರಾದವನ್ನೇ ಕೇಳಿದೆ. ಶಿವಮೊಗ್ಗದ ಮೊದಲ ಅಂಗಡಿಯಲ್ಲಿ ತೋರಿಸಿದ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಒಂದೂವರೆ ವರ್ಷ ಹಳೆಯದು. ಎರಡೂ ಹೊಸದೇ ತಾನೇ ಎಂದರು. ಬೇಡವೆಂದು ಬೇರೆ ಕಡೆ ತರಿಸಿಕೊಳ್ಳಲು ಹೇಳಿ ಬಂದೆ. ಬಂದ ಮೇಲೆ ನೇರವಾಗಿ ಡೈನೊಗೆ ಒಯ್ಯುವಂತಿಲ್ಲ. ಹೊಸ ಟೈರಿನ ಮೈಯಲ್ಲಿ ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಾರಿಕೆಯ ಪದರ ಉಳಿದಿರುತ್ತದೆ, ಅದು ಸವೆದು, ಟೈರು ರಿಮ್ಮಿನ ಮೇಲೆ ಸರಿಯಾಗಿ ಕೂರಲು ಇನ್ನೂರು ಮುನ್ನೂರು ಕಿ.ಮೀ. ನಿಧಾನವಾಗಿ ಓಡಿಸಿ ಬನ್ನಿ ಎಂದು ವರ್ಕ್‌ಶಾಪಿನವರೇ ಹೇಳಿದ್ದರು.

ಈ ಕಾಯುವಿಕೆ ವ್ಯರ್ಥವಾಗಲಿಲ್ಲ. ಮೊದಲ ಎರಡು ಓಟಗಳ ಗ್ರಾಫಿನಲ್ಲಿ ಟರ್ಬೊ ಒತ್ತಡ 2,000 ಆರ್‌ಪಿಎಂ ದಾಟಿದ ಮೇಲೆ ಏರುವ ಬದಲು ಜೋತುಬಿದ್ದಿತ್ತು. ಅದನ್ನು ತಂದು ತೋರಿಸಿದಾಗ ನಮ್ಮ ಮೆಕ್ಯಾನಿಕ್ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸಿಗೆ ಹೊಗೆ ಹಾಯಿಸಿ ನೋಡಿದರು. ಕ್ಲ್ಯಾಂಪಿನ ಅಡಿಯಲ್ಲಿ, ಹೊರಗಿನಿಂದ ಕಾಣದ ಕಡೆ, ಸೀಳಿತ್ತು. ಹೊಸ ಹೋಸು ಹಾಕಿದರು.

ಎರಡನೇ ಸಲ ಹೋದಾಗ ಅದೇ ಕ್ರಮ, ಅದೇ ಒಣಗಿಸುವಿಕೆ, ಅದೇ ಸ್ಕ್ರೂಡ್ರೈವರು. ಮೂರು ಓಟಗಳೂ ಮುಗಿದವು. ಎಡಬಲದ ಟೈರುಗಳ ಬಿಸಿಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ, 36 ಹಾಕಿಸಿದ ಗಾಳಿ ಕೊನೆಯಲ್ಲಿ 39 ತೋರಿಸಿತು. ಚಕ್ರದಲ್ಲಿ 63 ಪಿಎಸ್ ಸಿಕ್ಕಿತು. ರೋಲರಿನ ಒರಟು ಮೈಗೆ ಉಜ್ಜಿ ನೆಲದ ಮೇಲೆ ಕರಿ ರಬ್ಬರಿನ ಪುಡಿ ಬಿದ್ದಿತ್ತು. ಅಷ್ಟು ಪುಡಿ ಸಹಜ, ತುಂಡು ಬಿದ್ದರೆ ಮಾತ್ರ ಚಿಂತೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಅರ್ಧಕ್ಕೆ ನಿಂತ ಮೊದಲ ಪರೀಕ್ಷೆಗೆ ಜಿಎಸ್‌ಟಿ ಸೇರಿ 2,360 ರೂಪಾಯಿ, ಪೂರ್ತಿ ನಡೆದ ಎರಡನೆಯದಕ್ಕೆ 5,310, ಎರಡು ಟೈರಿಗೆ 10,200, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟಿಗೆ 900, ಹೋಸು ಮತ್ತು ಕೂಲಿ 2,600. ಓಡಾಟದ ಡೀಸೆಲ್ ಬಿಟ್ಟು ಒಟ್ಟು 21,370 ರೂಪಾಯಿ. ಅರ್ಧದಷ್ಟು ಟೈರಿಗೇ ಹೋಯಿತು. ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಳ್ಳಲೆಂದು ಡೈನೊಗೆ ಹೋಗುವವರು ಬಹಳ ಮಂದಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅಡ್ಡ ಬರುತ್ತದೆ ಎಂಬುದನ್ನು ಅವರು ಈ ಲೆಕ್ಕದ ಜೊತೆ ಸೇರಿಸಿಕೊಳ್ಳಲಿ.

ಮುಂಗಡ ಕೊಡುವ ಮೊದಲು ಫೋನಿನಲ್ಲೇ ಕೇಳಿಕೊಳ್ಳಬೇಕಾದ ಸಂಗತಿಗಳಿವೆ: ರೋಲರಿನ ವ್ಯಾಸ ಎಷ್ಟು, ಒಂದು ಚಕ್ರಕ್ಕೆ ಒಂದು ರೋಲರೋ ಎರಡೋ, ಯಾವ ಗೇರಿನಲ್ಲಿ ಯಾವ ವೇಗದವರೆಗೆ ಓಡಿಸುತ್ತಾರೆ, ಓಟಗಳ ನಡುವೆ ಟೈರಿನ ಬಿಸಿ ನೋಡುತ್ತಾರೆಯೇ, ನೋಡುವವರು ಎಲ್ಲಿ ನಿಲ್ಲಬೇಕು. ಕಾರಿನ ನಾಲ್ಕೂ ಚಕ್ರ ಎಳೆಯುವಂಥದ್ದಾದರೆ ಎರಡು ಚಕ್ರದ ಡೈನೊ ನಡೆಯದು, ಅದನ್ನೂ ಮೊದಲೇ ಹೇಳಿ. ಟೈರಿನ ವಯಸ್ಸು ಕೇಳದೆಯೇ "ಬನ್ನಿ ಸಾರ್, ಅರ್ಧ ಗಂಟೆಯಲ್ಲಿ ಮುಗಿಸಿಕೊಡ್ತೀವಿ" ಎನ್ನುವ ಕಡೆಗೆ ನಾನಂತೂ ಹೋಗಲಾರೆ. ನನ್ನನ್ನು ಒಂದು ಗಂಟೆ ಕಾಯಿಸಿದ ಆ ಹುಡುಗನ ಮೇಲೆ ಮೊದಲ ದಿನ ಬಂದಿದ್ದ ಸಿಟ್ಟು ಈಗ ಇಲ್ಲ.

ಪರೀಕ್ಷೆ ಮುಗಿಸಿ ಮನೆಗೆ ಬಂದ ಮರುದಿನ ಟೈರುಗಳು ತಣ್ಣಗಿರುವಾಗ ಗಾಳಿಯನ್ನು ಮತ್ತೆ ಬಾಗಿಲಿನ ಪಟ್ಟಿಯಲ್ಲಿರುವಷ್ಟಕ್ಕೆ, ನನ್ನ ಕಾರಿಗಾದರೆ 29ಕ್ಕೆ, ಇಳಿಸಬೇಕು, ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಬೇಕು, ಟೈರಿನ ಎರಡೂ ಪಕ್ಕಗಳ ಮೇಲೆ ಕೈಯಾಡಿಸಿ ಉಬ್ಬು ಇದೆಯೇ ಎಂದು ನೋಡಬೇಕು. ಇನ್ನೊಂದು ಕೆಲಸವಿದೆ, ಅದನ್ನು ಎಲ್ಲರೂ ಬಿಡುತ್ತಾರೆ. ಡೈನೊಗಾಗಿ ಹೊಸ ಟೈರುಗಳು ಮುಂದೆ ಇರಬೇಕಾಗಿತ್ತು, ಆದರೆ ಮಳೆಯ ರಸ್ತೆಗೆ ಒಳ್ಳೆಯ ಗ್ರಿಪ್ಪಿನ ಜೋಡಿ ಹಿಂದೆ ಇರಬೇಕು; ಒದ್ದೆ ತಿರುವಿನಲ್ಲಿ ಹಿಂಚಕ್ರ ಜಾರಿದರೆ ಕಾರನ್ನು ಸಂಭಾಳಿಸುವುದು ಸಾಮಾನ್ಯ ಚಾಲಕನಿಗೆ ಬಹಳ ಕಷ್ಟ. ಮುಂಚಕ್ರ ಎಳೆಯುವ ಕಾರಿಗೆ ಹೊಸ ಟೈರು ಮುಂದೆಯೇ ಇರಲಿ ಎಂದು ಅಂಗಡಿಯವರು ವಾದಿಸಿದರು. ನಾನು ಒಪ್ಪದೆ, 300 ರೂಪಾಯಿ ಕೂಲಿ ಕೊಟ್ಟು ಹಿಂದೆ ಮುಂದೆ ಮಾಡಿಸಿಕೊಂಡು ಬಂದೆ. ಸ್ಟ್ರಿಪ್ ಹಾಕಿದ ಟೈರು ಈಗ ಸ್ಟೆಪ್ನಿಯ ಜಾಗಕ್ಕೆ ಹೋಗಿದೆ, 2017ರದ್ದನ್ನು ಬಿಟ್ಟು, ಮೊದಲು ಹಿಂದಿದ್ದ ಹಳೆಯ ಜೋಡಿಯನ್ನೇ ಬದಲಾಯಿಸುವವರೆಗೆ ಎಂದು ಮುಂದೆ ಹಾಕಿಸಿದ್ದೇನೆ. ಅದರ ಬದಲಿಗೆ ಹೊಸ ಜೋಡಿಗೂ ಅದೇ ಅಂಗಡಿಯಲ್ಲಿ ಮುಂಗಡ ಕೊಟ್ಟಾಗಿದೆ, ಬರುವವರೆಗೆ ಘಾಟಿ ಇಳಿಯುವುದಿಲ್ಲ.